ಬಿಳಿ ಪುಡಿಯ ಮೇಲಿನ ಹೆಜ್ಜೆ

ನಮ್ಮ ಮನೆಗೆ ಕೂಸು ಬಂದು ಇವತ್ತಿಗೆ ಇಪ್ಪತ್ತೆರಡು ದಿನ. ನನ್ನ ಹಿರೀ ಮಗಳಿಗೆ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಹೆಣ್ಣುಕೂಸು. ಆಸ್ಪತ್ರೆಯಿಂದ ಕರಕೊಂಡು ಬಂದ ದಿನದಿಂದ ನನಗೆ ಹಸಿವು ನಿದ್ದೆ ಒಂದೂ ಗೊತ್ತಾಗ್ತಿಲ್ಲ. ಕೂಸು ಆಕಳಿಸಿದರೆ ಆಕಳಿಸಿತು ಅಂತ ನಾಲ್ಕು ಮನೆಗೆ ಹೇಳಿ ಬರ್ತೀನಿ, ಸೀನಿದರೆ ಸೀನಿತು ಅಂತ. ನಮ್ಮ ಯಜಮಾನರು, “ತಡಿಯೇ, ನಿಂಗೊಂದು ಮೈಕು ತಂದುಕೊಡ್ತೀನಿ” ಅಂತ ಆಡಿಕೊಳ್ತಾರೆ. ಆಡಿಕೊಳ್ಳಲಿ. ಅವರೇ ಗಳಿಗೆಗೊಂದು ಸಲ ತೊಟ್ಟಿಲ ಹತ್ತಿರ ಬಂದು ಬಗ್ಗಿ ನೋಡಿ, “ಕಿವಿ ನೋಡು, ತೇಟು ನಮ್ಮವ್ವನ ಕಿವಿ” ಅಂತಾರೆ.

ಅವರವ್ವ ಅಂದರೆ ನಮ್ಮ ಅತ್ತೆ. ಆ ಮಾತು ಬಂದಾಗಲೆಲ್ಲ ಇಷ್ಟು ಸಂತೋಷದ ನಡುವೆಯೂ ನನ್ನ ಎದೆ ಝಲ್ ಅಂತದೆ. ಅತ್ತೆ ತೀರಿಕೊಂಡಾಗ ನಾನು ಒಂದು ಸುಳ್ಳು ಹೇಳಿದ್ದೆ. ಸಣ್ಣದು, ನಾಲ್ಕೇ ಮಾತಿನದು. ಯಜಮಾನರು ಅದನ್ನ ನಂಬಿದರು. ಮೊನ್ನೆ ಮೊನ್ನೆ ತನಕ ನಂಬಿಕೊಂಡೇ ಇದ್ದರು.

ಹೋದ ವಾರ ಮಗಳು ಕೇಳಿದಳು, “ಅವ್ವ, ಹಿರಿಯೂರಿಗೆ ಹೋಗೋರು ಅವ್ರೆ, ನೆಲ ಒರೆಸಾಕೆ ಬ್ಲೀಚಿಂಗ್ ತರಿಸ್ಲಾ? ಕೂಸಿರೋ ಮನೆ. ಬರೀ ಸೋಪಿನ ನೀರು ಸಾಕಾಗ್ತದಾ?”

“ಬ್ಯಾಡ” ಅಂದೆ. ಎಷ್ಟು ಜೋರಾಗಿ ಅಂದೆ ಅಂದರೆ ಕೂಸು ಬೆಚ್ಚಿಬಿತ್ತು.

“ಯಾಕವ್ವ, ನಾನೇನು ವಿಷ ತರಿಸ್ಲಾ ಅಂದ್ನಾ?” ಅಂತ ಅವಳು ಮುಖ ಊದಿಸಿಕೊಂಡಳು.

ಯಾಕೆ ಅಂತ ಹೇಳಬೇಕಾದರೆ ಆ ಸುಳ್ಳಿನ ತನಕ ಹೋಗಬೇಕು. ಬಾಯಲ್ಲಿ ಬರಲಿಲ್ಲ, ಅದಕ್ಕೇ ಬರೀತಿದ್ದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಾದರೆ ಓದೋರು ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತವರು ಚಿಕ್ಕಜಾಜೂರು. ಅಪ್ಪ ರೈಲ್ವೆ ಗ್ಯಾಂಗಿನಲ್ಲಿ ಹಳಿ ಕೆಲಸ ಮಾಡ್ತಿದ್ದ. ದೊಡ್ಡ ಸಾಹೇಬರು ನೋಡಾಕೆ ಬರ್ತಾರೆ ಅಂದರೆ ಹಿಂದಿನ ದಿನ ಸ್ಟೇಷನ್ನಿನ ಮೋರಿಗಳ ಎರಡೂ ಕಡೆ ಬ್ಲೀಚಿಂಗ್ ಪುಡಿ ಸುರೀತಿದ್ದರು. ನಮ್ಮ ಲೈನ್ ಮನೆಗಳ ಮುಂದೂ ಬಿಳೀ ಗೆರೆ. ಮೂಗು ಉರಿಯೋ ವಾಸನೆ. ಆವತ್ತು ಒಂದು ನೊಣ ಕಾಣ್ತಿರಲಿಲ್ಲ. ನಮ್ಮವ್ವ ಬಾಗಿಲಲ್ಲಿ ನಿಂತು, “ಇನ್ನು ಯಾವ ರೋಗ ಈ ಗೆರೆ ದಾಟಿ ಬರ್ತದೋ ಬರ್ಲಿ ನೋಡಾಣ” ಅಂತಿದ್ದಳು. ನಾನು ಚಿಕ್ಕವಳು, ನಂಬಿದ್ದೆ. ರೋಗಕ್ಕೂ ಕಣ್ಣು ಐತೆ, ಬಿಳೀ ಗೆರೆ ಕಂಡರೆ ಹಿಂದಕ್ಕೆ ತಿರುಗಿ ಹೋಗ್ತದೆ ಅಂದುಕೊಂಡಿದ್ದೆ.

ಎಪ್ಪತ್ತನೇ ಇಸವಿ ಮೇಲೆ ಒಂದೆರಡು ವರ್ಷ ಕಳೆದಿರಬೇಕು, ನನ್ನನ್ನ ಹಿರಿಯೂರು ಕಡೆ, ಜವನಗೊಂಡನಹಳ್ಳಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಕುರಿ ಸಾಕೋ ಮನೆ. ಮಾವ ಇರಲಿಲ್ಲ. ಅತ್ತೆ, ಯಜಮಾನರು, ಮದುವೆಯಾಗದ ಮೈದುನ. ಯಜಮಾನರು ವರ್ಷದಲ್ಲಿ ಅರ್ಧ ಕುರಿ ಹಿಂದೆಯೇ. ಹೊಸದುರ್ಗದ ಕಡೆ ಹೊಲಗಳಲ್ಲಿ ಮಂದೆ ನಿಲ್ಲಿಸಿ, ಗೊಬ್ಬರ ಆದ ಮೇಲೆ ಮುಂದಿನ ಹೊಲಕ್ಕೆ ಹೋಗ್ತಿದ್ದರು. ಮನೆ ಅಂದರೆ ನಾನು, ಅತ್ತೆ, ಮಗ್ಗುಲಲ್ಲೇ ಮರಿಗಳ ದೊಡ್ಡಿ.

ಹೋದ ಮೊದಲ ದಿನವೇ ಹಿಕ್ಕೆ ವಾಸನೆಗೆ ಮೂಗು ಮುಚ್ಚಿಕೊಂಡೆ. ಅತ್ತೆ ನೋಡಿಬಿಟ್ಟರು.

“ಮುಚ್ಕ ಮುಚ್ಕ. ಉಸಿರು ಎಷ್ಟೊತ್ತು ಬಿಗಿ ಹಿಡೀತೀಯೋ ಹಿಡಿ. ಸಂಜಿಗೆ ಬಿಡ್ಲೇಬೇಕಲ್ಲ” ಅಂದರು. ಅವತ್ತಿಂದ ನನಗೆ ‘ರೈಲ್ವೆ ಸೊಸೆ’ ಅಂತ ಹೆಸರಾಯಿತು. ಬಾಗಿಲಿಗೆ ಎರಡು ಸಲ ನೀರು ಹಾಕಿದರೆ, “ಯಾಕೇ, ಮನೇನ ಸ್ಟೇಷನ್ ಮಾಡ್ತೀಯಾ? ಟಿಕೀಟು ಯಾರು ಕೊಡ್ತಾರೆ?” ಅಂತ ಕೇಳೋರು.

ಈಗ ಯೋಚಿಸಿದರೆ ಅತ್ತೆಯ ಮನೆ ಕೊಳಕಾಗಿರಲಿಲ್ಲ. ದಿನಾ ಕಸ ಹೊಡೆದು ವಾರಕ್ಕೆ ಎರಡು ಸಲ ಸಗಣಿ ಸಾರಿಸೋರು. ಪಾತ್ರೆಗೆ ಒಲೆ ಬೂದಿ. ಕಂಬಳಿ ಕೊಡವಿ ಬಿಸಿಲಿಗೆ ಹಾಕಿ, ಮಧ್ಯಾಹ್ನ ಮಗ್ಗುಲು ತಿರುಗಿಸಿ ಹಾಕೋರು. ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ. ನನಗೆ ಮಾತ್ರ ಆ ಬಿಳೀ ಪುಡಿ ಇಲ್ಲದ ಮನೆ ಶುದ್ಧ ಅನ್ನಿಸುತ್ತಿರಲಿಲ್ಲ.

ಈ ಹಿರೀ ಮಗಳು ಹುಟ್ಟಿ ಹನ್ನೊಂದು ತಿಂಗಳಿಗೆ, ಬೇಸಿಗೆಯಲ್ಲಿ, ಸುತ್ತಿನ ಹಳ್ಳಿಗಳಿಗೆ ವಾಂತಿಭೇದಿ ಬಂತು. ಪಕ್ಕದ ಊರಲ್ಲಿ ಹೆಣ ಎತ್ತಿದ ಸುದ್ದಿ ಬಂದ ದಿನವೇ ಹೆಲ್ತ್ ಇನ್‌ಸ್ಪೆಕ್ಟರು ಇಬ್ಬರನ್ನ ಕರಕೊಂಡು ನಮ್ಮೂರಿಗೆ ಬಂದರು. ಊರ ಬಾವಿಗೆ ಬ್ಲೀಚಿಂಗ್ ಪುಡಿ ಕಲಸಿ ಬಿಟ್ಟರು. ಮನೆಮನೆಗೆ ಒಂದೊಂದು ಪೊಟ್ಟಣ ಕೊಟ್ಟರು. ನನ್ನ ಕೈಗೆ ಕೊಡ್ತಾ ಇನ್‌ಸ್ಪೆಕ್ಟರು ಹೇಳಿದ್ದು ಇನ್ನೂ ಕಿವಿಯಲ್ಲಿ ಐತೆ.

“ಕುಡಿಯೋ ನೀರಿಗೆ ಕಣಮ್ಮ ಇದು. ಒಂದು ಕೊಡಕ್ಕೆ ಚಿಟಿಕೆ, ಅರ್ಧ ಗಂಟೆ ಬಿಟ್ಟು ಕುಡೀರಿ. ರಂಗೋಲಿ ಪುಡಿ ಅಲ್ಲ, ಬಾಗಿಲಿಗೆ ಹಾಕಿ ಕುಂತ್ಕಬ್ಯಾಡ್ರಿ ಮತ್ತೆ.”

ಪೊಟ್ಟಣ ಬಿಚ್ಚಿ ಮೂಸಿದೆ. ತವರಿನ ವಾಸನೆ. ಸತ್ಯವಾಗಿ ಹೇಳ್ತೀನಿ, ಕಣ್ಣಲ್ಲಿ ನೀರು ಬಂತು.

ಊರಿಗೆ ಊರೇ ಬೈಯಾಕೆ ಶುರುಮಾಡಿತು. ಬಾವಿ ನೀರು ನಾರ್ತೈತೆ, ಮುದ್ದೆ ಬೇಯಿಸಿದರೆ ಮುದ್ದೆ ನಾರ್ತೈತೆ, ಕುರಿ ಮೂಸಿ ಹಿಂದಕ್ಕೆ ಹೋಗ್ತವೆ ಅಂತ. ಎರಡೇ ದಿನದಲ್ಲಿ ಎಲ್ಲರೂ ಬಾವಿ ಬಿಟ್ಟು ಹಳ್ಳದ ಕಡೆ ತಿರುಗಿದರು. ಹಳ್ಳ ಬತ್ತಿತ್ತು. ಮರಳು ತೋಡಿದರೆ ಒರತೆ, ಗುಂಡಿಯಲ್ಲಿ ನಿಧಾನಕ್ಕೆ ನೀರು ತುಂಬಿಕೊಳ್ಳೋದು. ಕಣ್ಣೀರಿನಂಗೆ ತಿಳಿ. ಬಾಯಿಗೆ ಸಿಹಿ. ಹಳ್ಳದ ಮೇಲ್ಗಡೆ ಪಕ್ಕದೂರಿನವರು ರೋಗದವರ ಬಟ್ಟೆ ಒಗೆದು ಅಲ್ಲೇ ನೀರು ಚೆಲ್ತಿದ್ದರು ಅನ್ನೋದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಅತ್ತೆ ಒರತೆ ನೀರು ಹೊತ್ತು ತಂದು ಮಡಿಕೆಗೆ ಸುರಿದರು. ನಾನು ಪೊಟ್ಟಣ ತೆಗೆಯಾಕೆ ಹೋದರೆ, “ಅದೇನಾರ ಮಡಿಕೆಗೆ ಬಿತ್ತೋ, ಮಡಿಕೆ ನಿನ್ನ ತಲೆ ಮೇಲೆ ಒಡೀತೀನಿ. ಭೂಮ್ತಾಯಿ ಸೋಸಿ ಕೊಟ್ಟ ನೀರು ಕಣೇ ಇದು” ಅಂದರು. ನಾನು ಸುಮ್ಮನೆ ಪೊಟ್ಟಣವನ್ನ ಮೇಲೆ ಗೂಡಿನಲ್ಲಿಟ್ಟೆ. ಅತ್ತೆ ಕುರಿ ದೊಡ್ಡಿಗೆ ಹೋದಾಗ ಒಂದು ಚಿಟಿಕೆ ಹಾಕಿ ಕಲಕಬಹುದಿತ್ತು. ಬೈಗುಳ ತಿನ್ನಬೇಕಾಗ್ತಿತ್ತು, ಅಷ್ಟೇ. ಹಾಕಲಿಲ್ಲ.

ನಾನು ಮಾತ್ರ ಒರತೆ ನೀರು ಕುಡಿಯಲಿಲ್ಲ. ಬಟ್ಟೆ ಒಗೆಯೋ ನೆಪ ಮಾಡಿಕೊಂಡು ಬಾವಿಗೆ ಹೋಗಿ, ನೀರು ಸೇದಿ, ಬೊಗಸೆಯಲ್ಲಿ ಕುಡಿದು ಬರ್ತಿದ್ದೆ. ಜಾಣತನದಿಂದ ಅಲ್ಲ. ಆ ವಾಸನೆಯ ಆಸೆಗೆ. ಮಗೂಗೆ ನನ್ನ ಎದೆಹಾಲು, ಕುದಿಸಿದ ರಾಗಿ ಗಂಜಿ. ಹಸಿ ನೀರು ಕುಡೀತಿದ್ದವರು ಮನೆಯಲ್ಲಿ ಅತ್ತೆ ಒಬ್ಬರೇ, ಮೈದುನ ಹೊಲದ ಕಡೆ ಇರ್ತಿದ್ದ.

ಒರತೆ ನೀರು ತರಾಕೆ ಶುರುಮಾಡಿದ ಮೂರನೇ ದಿನ ಬೆಳಿಗ್ಗೆ ನಾನು ಮಜ್ಜಿಗೆ ಕಡೀತಿದ್ದೆ. ಅತ್ತೆ ಹಿತ್ತಲಿಗೆ ಹೋಗಿ ಬಂದರು. ಮತ್ತೆ ಹೋದರು. ಮೂರನೇ ಸಲ ಗೋಡೆ ಹಿಡಕೊಂಡು ಬಂದು ಚಾಪೆ ಮೇಲೆ ಕುಸಿದರು. ವಾಂತಿ ಶುರುವಾಯಿತು. ಮುಖ ಅರ್ಧ ಗಂಟೆಯಲ್ಲಿ ಇಳಿದುಹೋಯಿತು, ಕಣ್ಣು ಒಳಕ್ಕೆ ಹೋದವು. ಮೈದುನ ಹೊಲದಿಂದ ಓಡಿ ಬಂದು ನೋಡಿ, ಗಾಡಿ ಕಟ್ಟಿಸಾಕೆ ಓಡಿದ. ಹಿರಿಯೂರಿನ ಆಸ್ಪತ್ರೆಗೆ ಒಯ್ಯಬೇಕು ಅಂತ.

ಆಗ ನಾನು ಮಾಡಿದ್ದು ಇದು. ಮೊದಲು ತೊಟ್ಟಿಲಿಂದ ಮಗೂನ ಎತ್ತಿ ಹೊರಗೆ ಜಗುಲಿ ಮೇಲೆ ಮಲಗಿಸಿದೆ. ಒಳಗೆ ಬಂದು ಗೂಡಿನಿಂದ ಪೊಟ್ಟಣ ತೆಗೆದೆ. ನೀರಿನ ಮಡಿಕೆ ಇದ್ದದ್ದು ನಾಲ್ಕು ಮಾರು ದೂರ, ಹಿತ್ತಲ ಬಾಗಿಲ ಪಕ್ಕ. ಅದರ ಕಡೆ ತಿರುಗಿಯೂ ನೋಡಲಿಲ್ಲ. ಒಳಗಿಂದ ಶುರುಮಾಡಿ, ಮುಂಬಾಗಿಲ ಕಡೆ ಹಿಂದಿಂದಕ್ಕೆ ಸರೀತಾ ನೆಲದ ತುಂಬ ಪುಡಿ ಎರಚಿದೆ. ಅತ್ತೆಯ ಚಾಪೆಯ ಮೂರು ಕಡೆ ದಪ್ಪಗೆ ಸುರಿದೆ. ಪೊಟ್ಟಣದ ಕಾಗದ ಕೊಡವಿ, ಅದರಲ್ಲಿ ಉಳಿದದ್ದನ್ನೂ ಹೊಸಲಿಗೆ ಹಾಕಿದೆ. ಕಪ್ಪು ಸಗಣಿ ನೆಲ ಬೆಳ್ಳಗಾಯಿತು. ಚಿಕ್ಕಜಾಜೂರಿನ ಸಾಹೇಬರು ಬಂದಿದ್ದರೆ ಮೆಚ್ಚಿಕೊಳ್ತಿದ್ದರು.

ಅತ್ತೆ ಕಣ್ಣು ಬಿಟ್ಟು ನೋಡಿದರು.

“ಏನೇ ಅದು?”

“ಪುಡಿ ಅತ್ತೆ. ಮನೆ ಶುದ್ಧ ಆಗ್ಲಿ ಅಂತ.”

ಸ್ವಲ್ಪ ಹೊತ್ತು ಆ ಬಿಳೀ ನೆಲವನ್ನೇ ನೋಡಿದರು. “ನನ್ನ ಸುತ್ತ ಗೆರೆ ಎಳೆದ್ಯಾ?” ಅಂದರು. ಸಿಟ್ಟಿನಲ್ಲಿ ಅಲ್ಲ. ಬೈದಿದ್ದರೆ ನಾನು ಬದುಕಿಕೊಳ್ತಿದ್ದೆ. “ಎಳಿ ಎಳಿ. ಕೂಸ್ನ ಒಳಗೆ ಬಿಡಬ್ಯಾಡ” ಅಂದರು.

ನಾನು ಹೊರಗೆ ಹೋಗಿ ಮಗೂನ ತೊಡೆ ಮೇಲೆ ಹಾಕಿಕೊಂಡು ಕುಂತೆ.

“ಒಂಚೂರು ನೀರು ಕೊಡೇ” ಅಂತ ಒಳಗಿಂದ ದನಿ ಬಂತು.

“ಬಂದೆ ಅತ್ತೆ” ಅಂದೆ. ಏಳಲಿಲ್ಲ.

“ನೀರು ಕೊಡೇ ತಾಯಿ.”

“ಬಂದೆ” ಅಂದೆ. ಮಗೂನ ಇನ್ನೂ ಬಿಗಿಯಾಗಿ ಅವುಚಿಕೊಂಡೆ. ಒಳಗೆ ಹೋಗಿ ಅವರನ್ನ ಮುಟ್ಟಿ ಬಂದು ಇದೇ ಕೈಯಲ್ಲಿ ಮಗೂನ ಹೆಂಗೆ ಎತ್ತಲಿ ಅನ್ನೋ ಭಯ.

ಮೂರನೇ ಸಲ ಅತ್ತೆ ಕೇಳಲಿಲ್ಲ. ಚಾಪೆ ಸರಬರ ಅಂತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಗೋಡೆ ಹಿಡಕೊಂಡು, ಆ ಪುಡಿಯ ಮೇಲೆ ಒಂದೊಂದೇ ಹೆಜ್ಜೆ ಇಡ್ತಾ ಮಡಿಕೆ ತನಕ ಹೋದರು. ಚೊಂಬು ಅದ್ದಿ ಗಟಗಟ ಕುಡಿದರು. ಇನ್ನೊಂದು ಚೊಂಬು ಕುಡಿದರು. ಆಮೇಲೆ ಹಿತ್ತಲ ಬಾಗಿಲು ದಾಟಿ ಆಚೆ ಮೆಟ್ಟಿಲ ಮೇಲೆ ಕುಂತವರು ಅಲ್ಲೇ ಒರಗಿದರು. ಗಾಡಿ ಹಿತ್ತಲ ಕಡೆಯಿಂದಲೇ ಬಂತು. ಅಲ್ಲಿಂದಲೇ ಎತ್ತಿ ಮಲಗಿಸಿಕೊಂಡು ಹೋದರು. ನಾನು ಹಿಂದಲ ಬಾಗಿಲನ್ನ ಆಚೆಯಿಂದಲೇ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿ, ಪಕ್ಕದ ಮನೆಗೆ ಹೋದೆ.

ಅತ್ತೆ ಆಸ್ಪತ್ರೆ ಮುಟ್ಟಿದರು. ಹೊತ್ತು ಮುಳುಗೋದರೊಳಗೆ ಹೋಗಿಬಿಟ್ಟರು. ಮಾರನೇ ದಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದರು. ಹೊಸದುರ್ಗದ ಕಡೆ ಮಂದೆಯಲ್ಲಿದ್ದ ಯಜಮಾನರಿಗೆ ಸುದ್ದಿ ಮುಟ್ಟಿ ಅವರು ಬಂದಾಗ ಮೂರನೇ ದಿನ. ಅವ್ವನ ಮುಖ ಅವರು ನೋಡಲೇ ಇಲ್ಲ.

ನಮ್ಮಲ್ಲಿ ಒಂದು ಪದ್ಧತಿ. ಸತ್ತವರು ಮಲಗಿದ್ದ ಕಡೆ ಒಲೆ ಬೂದಿ ಜರಡಿ ಹಿಡಿದು ತೆಳ್ಳಗೆ ಹರವಿ, ದೀಪ ಇಟ್ಟು ಬಾಗಿಲು ಹಾಕ್ತಾರೆ. ಬೆಳಿಗ್ಗೆ ಬಾಗಿಲು ತೆಗೆದು, ಬೂದಿ ಮೇಲೆ ಏನು ಗುರುತು ಬಿದ್ದೈತೆ ಅಂತ ಹಿರಿಯರು ನೋಡ್ತಾರೆ. ಹಕ್ಕಿ ಕಾಲೋ, ಬೆಕ್ಕಿನ ಕಾಲೋ. ಸತ್ತವರು ಯಾವ ರೂಪದಲ್ಲಿ ಮನೆಗೆ ಬಂದು ಹೋದರು ಅಂತ ಅದರಿಂದ ತಿಳೀತಾರೆ. ಆ ಕೆಲಸಕ್ಕೆ ಯಜಮಾನರ ದೊಡ್ಡಪ್ಪ ಜರಡಿ, ಬೂದಿ ಹಿಡಕೊಂಡು ಬಂದರು. ನಾನು ಬೀಗ ತೆಗೆದೆ. ಎಲ್ಲರೂ ಹೊಸಲಲ್ಲೇ ನಿಂತುಬಿಟ್ಟರು.

ಬೂದಿ ಹಾಕೋ ಮೊದಲೇ ನೆಲ ಬೆಳ್ಳಗಿತ್ತು. ಆ ಬಿಳುಪಿನ ಮೇಲೆ ಹೆಜ್ಜೆ. ಚಾಪೆಯಿಂದ ಹೊರಟು ನೀರಿನ ಮಡಿಕೆ ತನಕ. ಹೋದ ಹೆಜ್ಜೆ ಇದ್ದವು, ಬಂದ ಹೆಜ್ಜೆ ಇರಲಿಲ್ಲ. ಬಲಗಾಲಿಗೆ ನಾಲ್ಕೇ ಬೆರಳು. ಅತ್ತೆಯ ಕಿರುಬೆರಳು ಎಂದೋ ಕುಡುಗೋಲು ತಾಗಿ ಹೋಗಿತ್ತು, ಅದು ಊರಿಗೆಲ್ಲ ಗೊತ್ತು.

ದೊಡ್ಡಪ್ಪ ಜರಡಿ ಕೆಳಗಿಟ್ಟರು. “ಈ ಪುಡಿ ಯಾವಾಗ ಹಾಕಿದ್ದು ತಾಯಿ?” ಅಂದರು.

ಯಜಮಾನರು ನನ್ನ ಮುಖ ನೋಡಿದರು. ಅತ್ತೆ ಇದ್ದಾಗಲೇ, ಅವರ ಸುತ್ತಲೇ ಹಾಕಿದೆ, ನೀರು ಕೇಳಿದರೂ ಎದ್ದು ಹೋಗಲಿಲ್ಲ ಅಂತ ಆ ಮುಖಕ್ಕೆ ಹೇಳೋದು ಹೆಂಗೆ? ನನಗಾಗ ಇಪ್ಪತ್ತು ತುಂಬಿರಲಿಲ್ಲ.

“ಅತ್ತೇನ ಗಾಡೀಲಿ ಒಯ್ದ ಮೇಲೆ” ಅಂದೆ.

ನಾಲ್ಕು ಮಾತು. ದೊಡ್ಡಪ್ಪ ಕೈ ಮುಗಿದರು. “ಬೀಗ ಹಾಕಿದ್ದ ಮನೆ ಕಣಪ್ಪ. ನಿಮ್ಮವ್ವ ನೀರಡಿಸಿ ಬಂದವಳೆ” ಅಂದರು. ಯಜಮಾನರು ಹೊಸಲ ಮೇಲೆ ಹಣೆ ಇಟ್ಟು ಅತ್ತದ್ದು ನೋಡಬಾರದಿತ್ತು. ನೋಡಿದೆ.

ಅವತ್ತಿಂದ ಅಮಾವಾಸ್ಯೆ ಅಮಾವಾಸ್ಯೆಗೆ ಯಜಮಾನರು ಆ ಜಾಗದಲ್ಲಿ ಒಂದು ಚೊಂಬು ನೀರು ತುಂಬಿ ಇಡ್ತಾರೆ. ಬೆಳಿಗ್ಗೆ ನೋಡ್ತಾರೆ, ಕಮ್ಮಿ ಆಗೈತಾ ಅಂತ. ಬೇಸಿಗೆಯಲ್ಲಿ ನೀರು ಆರ್ತದೆ, ಯಾರಿಗೆ ಗೊತ್ತಿಲ್ಲ? ಆದರೆ ಅವರು, “ಇವತ್ತು ಕುಡುದವಳೆ” ಅಂದಾಗ ನನ್ನ ಬೆನ್ನು ತಣ್ಣಗಾಗ್ತಿತ್ತು. ಸುಳ್ಳು ಹೇಳಿದವಳು ನಾನು. ಆ ಹೆಜ್ಜೆ ಬದುಕಿದ್ದವರ ಹೆಜ್ಜೆ ಅಂತ ಬಲ್ಲವಳು ನಾನೊಬ್ಬಳೇ. ಆದರೂ ನನಗೇ ಹೆದರಿಕೆ.

ನೆಲ ಗುಡಿಸಿ ಸಗಣಿ ಸಾರಿಸಿದೆ. ಒಣಗಿದ ಮೇಲೆ ಬಿಳೀ ಕಲೆ ಮೇಲೆದ್ದು ಬಂತು. ಮತ್ತೆ ಸಾರಿಸಿದೆ, ಮತ್ತೆ ಬಂತು. ಆ ಎಪ್ಪತ್ತರ ದಶಕ ಮುಗಿಯೋ ತನಕ ನಾನು ಆ ಮೂಲೆಯನ್ನ ಎಷ್ಟು ಸಲ ಸಾರಿಸಿದೆನೋ ದೇವರಿಗೇ ಗೊತ್ತು. ರೊಟ್ಟಿ ತಟ್ಟುವಾಗ ಕಲ್ಲಿಂದ ಹಿಟ್ಟು ನೆಲಕ್ಕೆ ಬಿದ್ದರೆ ತಕ್ಷಣ ಒರೆಸಿಬಿಡ್ತಿದ್ದೆ, ಯಾವ ಕಾಲೂ ಅದರ ಮೇಲೆ ಬೀಳಬಾರದು ಅಂತ. ಒಂದು ಸಲ ಹೊಳಲ್ಕೆರೆಯಲ್ಲಿ ಬಸ್ಸು ಕಾಯ್ತಾ ನಿಂತಿದ್ದಾಗ ಮೋರಿಗೆ ಬ್ಲೀಚಿಂಗ್ ಪುಡಿ ಹಾಕ್ತಿದ್ದರು. ತವರಿನದು ಅಂತ ಹಿಂದೆ ಅತ್ತಿದ್ದೆನಲ್ಲ, ಅದೇ ವಾಸನೆ ಮೂಗಿಗೆ ಬಡಿದದ್ದೇ ಕಿವಿಗೆ, “ನೀರು ಕೊಡೇ ತಾಯಿ” ಅನ್ನೋ ದನಿ ಬಂದಂಗಾಯಿತು. ಬಂದ ಬಸ್ಸು ಹತ್ತಾಕೆ ಆಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಬ್ಲೀಚಿಂಗನ್ನ ಬೈಯಾಕಿಲ್ಲ. ಅದು ಸರಿಯಾಗಿಯೇ ಇತ್ತು. ಬಾವಿಗೆ ಬಿದ್ದದ್ದು ನನ್ನನ್ನ ಉಳಿಸಿತು. ನೆಲಕ್ಕೆ ಬಿದ್ದದ್ದು ಯಾರನ್ನೂ ಉಳಿಸಲಿಲ್ಲ. ರೋಗ ಚೊಂಬಿನಲ್ಲಿ ಕುಂತಿತ್ತು, ನಾನು ಹೊಸಲು ಕಾಯ್ತಿದ್ದೆ. ಮಗಳಿಗೆ ಈಗ ಹೇಳೋದು ಇಷ್ಟೇ. ದಿನಾ ಒರೆಸೋ ನೆಲಕ್ಕೆ ಸೋಪಿನ ನೀರು ಸಾಕು ಕಣವ್ವ. ಕೂಸಿನ ಬಟ್ಟೆಗೆ ಬಿಸಿಲು ಸಾಕು. ಕುಡಿಯೋ ನೀರು ಕುದಿಸು, ಕೂಸ್ನ ಮುಟ್ಟೋ ಮುಂಚೆ ಕೈ ತೊಳಿ. ರೋಗ ಬಂದ ಮನೆಗೆ ಬ್ಲೀಚಿಂಗ್ ಬೇಕಾದರೆ ಡಾಕ್ಟರು ಹೇಳ್ತಾರೆ, ಹೇಳಿದ ಕಡೆಗೆ ಹೇಳಿದಷ್ಟೇ ಹಾಕು. ವಾಸನೆ ಬಂದ ಮಾತ್ರಕ್ಕೆ ಮನೆ ಶುದ್ಧ ಆಯಿತು ಅಂತ ನಂಬಬ್ಯಾಡ.

ಮೊನ್ನೆ ಯಜಮಾನರು ಕೂಸಿನ ಅಂಗೈ ಬಿಡಿಸಿ ನೋಡ್ತಾ, “ಈ ಅಮಾಸೆಗೆ ಚೊಂಬನ್ನ ಈ ಕೈಲಿ ಮುಟ್ಟಿಸಿ ಇಡಾಣ ಕಣೇ. ನಮ್ಮವ್ವಗೆ ಖುಷಿ ಆಗ್ತದೆ” ಅಂದರು.

ನನ್ನ ಸುಳ್ಳಿನ ಮೇಲೆ ನನ್ನ ಮೊಮ್ಮಗಳ ಕೈ. ಆಗಲಿಲ್ಲ ನನಗೆ.

“ಒಂದು ಮಾತು ಹೇಳ್ತೀನಿ, ಎದ್ದು ಹೋಗದಂಗೆ ಕೇಳ್ರಿ” ಅಂದೆ. ಹೇಳಿದೆ. ಪುಡಿ ಹಾಕಿದ್ದು ಅತ್ತೆ ಮನೆಯಲ್ಲಿದ್ದಾಗಲೇ, ಆ ಹೆಜ್ಜೆ ಅತ್ತೆ ತಾವೇ ಎದ್ದು ನಡೆದದ್ದು, ಸತ್ತ ಮೇಲೆ ಬಂದದ್ದಲ್ಲ ಅಂತ.

ಅವರು ಕೂಸಿನ ಅಂಗೈ ಮೆಲ್ಲಗೆ ಮಡಚಿದರು. ಆಮೇಲೆ ಕೇಳಿದರು, “ಹೋಗಿ ನೀರು ಕುಡುದ್ಲಾ?”

“ಕುಡುದ್ರು.”

“ಎಷ್ಟು?”

“ಎರಡು ಚೊಂಬು. ನಾನೇ ನೋಡಿದೆ.”

“ಹೊಟ್ಟೆ ತುಂಬ ಕುಡುದ್ಲು ಹಂಗಾದ್ರೆ” ಅಂದರು. ಮುದುಕ ಆದವರು, ಬಾಯಿ ಸೊಟ್ಟ ಮಾಡಿ ಮಗು ಅತ್ತಂಗೆ ಅತ್ತರು. “ನಮ್ಮವ್ವ ನೀರಡಿಸಿ ಸತ್ಲು ಅಂತ ಇಷ್ಟು ವರ್ಷ... ಮೊದ್ಲೇ ಯಾಕೆ ಹೇಳ್ಲಿಲ್ಲೇ ಹುಚ್ಚಿ? ಬಾಯಾರಿ ಹೋಗ್ಲಿಲ್ಲ ನಮ್ಮವ್ವ. ಅಷ್ಟು ಸಾಕು ನಂಗೆ.”

ಅವರ ಮುಖ ಅಷ್ಟು ಹಗುರಾದದ್ದನ್ನ ನಾನು ಕಂಡೇ ಇರಲಿಲ್ಲ. ಆ ಎರಡು ಚೊಂಬಿನ ನೀರು ಎಂಥದ್ದು, ಅದಕ್ಕೆ ಬೀಳಬೇಕಾಗಿದ್ದ ಚಿಟಿಕೆ ಪುಡಿ ಎಲ್ಲಿ ಹೋಯಿತು, ಎರಡು ಸಲ ಕೇಳಿದರೂ ನಾನು ಯಾಕೆ ಏಳಲಿಲ್ಲ, ಇವು ಮೂರನ್ನೂ ಹೇಳಲಿಲ್ಲ. ಅರ್ಧ ಹೇಳಿ, ಅರ್ಧ ನುಂಗಿದೆ.

ಆ ಇನ್ನರ್ಧ ಇಲ್ಲಿ ಬರೆದಿದ್ದೀನಿ. ಯಜಮಾನರಿಗೆ ಓದಾಕೆ ಬರಾಕಿಲ್ಲ. ಮಗಳು ಈಗ ಕೂಸಿಗೆ ಹಾಲು ಕುಡಿಸ್ತಾ ಕುಂತವಳೆ, ಅವಳು ಏಳ್ತಿದ್ದಂಗೆ ಈ ಹಾಳೆಗಳನ್ನ ಅವಳ ಕೈಗೆ ಕೊಟ್ಟು, “ಜಗುಲಿ ಮೇಲೆ ನಿಮ್ಮಪ್ಪ ಅವ್ರೆ, ಜೋರಾಗಿ ಓದು. ಒಂದಕ್ಷರ ಬಿಡಬ್ಯಾಡ” ಅಂತೀನಿ. ನಾನು ಒಳಗೆ ಕೂಸಿನ ಹತ್ತಿರ ಇರ್ತೀನಿ.